ನಂಬಿಕೆಯಿಂದ ಜಾರುತ್ತಿದ್ದೇನೆ ಅನ್ನಿಸಿದರೆ ಏನು ಮಾಡಬೇಕು: ಬೆಂಗಳೂರಿನ ಕ್ರೈಸ್ತರಿಗೆ ಒಂದು ಮಾರ್ಗದರ್ಶಿ

ಅಪ್ಪನ ಸತ್ಯವೇದ ನನ್ನ ಹತ್ತಿರ ಇದೆ. ಕಪ್ಪು ರಟ್ಟು, ಹರಿದ ಬೆನ್ನಿಗೆ ಅವ್ವ ಹೊಲಿದ ಬಟ್ಟೆ. ಒಂದು ಅಧ್ಯಾಯ ಓದಿ ಮುಗಿಸಿದಾಗಲೆಲ್ಲ ಅಪ್ಪ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಹಾಕುತ್ತಿದ್ದರು. ಇಬ್ರಿಯರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದ ಪಕ್ಕ ಏಳು ತಾರೀಖುಗಳಿವೆ. ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕ ನನ್ನ ಜೊತೆ ಬೆಟಗೇರಿಯಿಂದ ಬೆಂಗಳೂರಿಗೆ ಬಂತು. ಬಂದು ನಾಲ್ಕು ವರ್ಷ ಬೀರುವಿನ ಮೇಲೆ ಒಂದು ಸೂಟ್‌ಕೇಸಿನ ಅಡಿಯಲ್ಲಿ ಕೂತಿತ್ತು. ಬಾಡಿಗೆ ಮನೆ ಬದಲಾಯಿಸುವಾಗ ಕೆಳಗಿಳಿಸಿ ಬಿಡಿಸಿದರೆ ಹಾಳೆಗಳು ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸುತ್ತಾ ಹೋದೆ. ಒಂದು ಕಡೆ ಹಾಳೆ ಹರಿದು ಅಪ್ಪ ಬರೆದ ತಾರೀಖು ಎದುರಿನ ಪುಟಕ್ಕೆ ಅಂಟಿಕೊಂಡು ಹೋಯಿತು. ಖಾಲಿ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಅತ್ತೆ.

ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು "ಇನ್ನು ಮೇಲೆ ಯೇಸುವನ್ನು ನಂಬುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಗ್ಗೆ ಮಲಗುತ್ತಿದ್ದೆ, ಏಳುವ ಹೊತ್ತಿಗೆ ಆರಾಧನೆ ಮುಗಿದಿರುತ್ತಿತ್ತು, ಅಷ್ಟೇ. ನಮ್ಮ ಸಭೆಗಳಲ್ಲಿ ಇದಕ್ಕೆ ಹಿಂಜಾರುವುದು ಎನ್ನುತ್ತಾರೆ.

ಈಗ ಒಂದು ಕನ್ನಡ ಸಭೆಯಲ್ಲಿ ಹಿರಿಯನಾಗಿದ್ದೇನೆ. ಇದೇ ದಾರಿಯಲ್ಲಿ ಇಳಿಯುತ್ತಿರುವವರನ್ನು ಪ್ರತಿ ತಿಂಗಳೂ ನೋಡುತ್ತೇನೆ. ಅವರಿಗೂ ಅವರ ಮನೆಯವರಿಗೂ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬಹುದು ಎಂದು ಬರೆಯುತ್ತಿದ್ದೇನೆ. ಚೆನ್ನಾಗಿ ಯೋಚಿಸಿ, ಕಣ್ಣು ತೆರೆದುಕೊಂಡೇ ಕ್ರೈಸ್ತ ನಂಬಿಕೆಯನ್ನು ಬಿಟ್ಟವರನ್ನು ಕೈಹಿಡಿದು ಎಳೆದು ತರುವ ಬರಹ ಇದಲ್ಲ. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಅದಕ್ಕೂ ಬಹಳ ಹಿಂದೆ, ಜನ ಬಿಟ್ಟುಹೋಗುತ್ತಿದ್ದಾಗ ಯೇಸು ತನ್ನ ಹನ್ನೆರಡು ಮಂದಿಯನ್ನು ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದ, ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಆದರೆ ನನಗೆ ಅಪಾಯ ಕಾಣುತ್ತಿದೆ. ಕಂಡದ್ದನ್ನು ಹೇಳದೆ ಇರಲಾರೆ.

ಮೊದಲ ಹೆಜ್ಜೆ: ಆಗಿರುವುದು ಏನು ಎಂದು ಹೆಸರಿಡಿ

ಎಲ್ಲಕ್ಕೂ ಒಂದೇ ಔಷಧಿ ಇಲ್ಲ. ಒಂದು ಹಾಳೆ ತೆಗೆದುಕೊಂಡು ಇವುಗಳಲ್ಲಿ ನಿಮ್ಮದು ಯಾವುದು ಎಂದು ಬರೆಯಿರಿ.

ದಣಿವು. ಔಟರ್ ರಿಂಗ್ ರೋಡಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರಿಗೆ ಭಾನುವಾರ ಹಾಸಿಗೆಯಿಂದ ಏಳಲಾಗದಿದ್ದರೆ ಅದು ಮೊದಲು ದೇಹದ ಸಮಸ್ಯೆ. ಏಲೀಯ ಮರದಡಿ ಬಿದ್ದು ಸಾವು ಬೇಡಿದಾಗ ದೇವದೂತ ಮೊದಲು ರೊಟ್ಟಿ, ನೀರು ಕೊಟ್ಟ, ನಿದ್ದೆಗೆ ಬಿಟ್ಟ.

ಸಂಶಯ. ದೇವರಿದ್ದರೆ ನನ್ನ ಮಗುವಿಗೆ ಯಾಕೆ ಹೀಗಾಯಿತು ಎಂದು ಕೇಳುವವನು ಇನ್ನೂ ದೇವರ ಜೊತೆ ಮಾತನಾಡುತ್ತಿದ್ದಾನೆ. ಕೀರ್ತನೆಗಳಲ್ಲಿ ಮೂರನೇ ಒಂದರಷ್ಟು ಇಂಥ ಮೊರೆಗಳೇ. ಸಂಶಯಪಡುವವರನ್ನು ಕರುಣಿಸಿ ಎಂದು ಯೂದನ ಪತ್ರಿಕೆ ಹೇಳುತ್ತದೆ.

ಗಾಯ. ಸಭೆಯಲ್ಲಿ ಯಾರೋ ಅವಮಾನ ಮಾಡಿದರು, ಹಣದ ವಿಷಯದಲ್ಲಿ ಮೋಸವಾಯಿತು, ಜಾತಿ ಎತ್ತಿ ಆಡಿದರು. ಇದಕ್ಕೆ ಕೆಳಗೆ ಪ್ರತ್ಯೇಕವಾಗಿ ಬರುತ್ತೇನೆ.

ಬಚ್ಚಿಟ್ಟ ಬದುಕು. ಬಿಡಲು ಮನಸ್ಸಿಲ್ಲದ ಒಂದು ಪಾಪ ಇದೆ, ಪ್ರಾರ್ಥನೆಗೆ ಕೂತರೆ ಅದು ಎದುರಿಗೆ ಬಂದು ನಿಲ್ಲುತ್ತದೆ, ಆದ್ದರಿಂದ ಪ್ರಾರ್ಥನೆಯನ್ನೇ ಬಿಡುತ್ತೇವೆ. ನಾನು ನೋಡಿದ ಮಟ್ಟಿಗೆ, "ನನಗೆ ಬೌದ್ಧಿಕ ಪ್ರಶ್ನೆಗಳಿವೆ" ಎನ್ನುವವರಲ್ಲಿ ಕೆಲವರಿಗಾದರೂ ನಿಜವಾಗಿ ಇರುವುದು ಇದು. ನನಗೂ ಇದ್ದದ್ದು ಇದೇ. ಏನೆಂದು ಇಲ್ಲಿ ಬರೆಯಬೇಕಾಗಿಲ್ಲ, ಅಯ್ಯನವರಿಗೆ, ಅಂದರೆ ನಮ್ಮ ಸಭೆಯ ಪಾಸ್ಟರಿಗೆ, ಹೇಳಿದ್ದೇನೆ.

ಮತ್ತೊಂದು ಇದೆ, ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದನ್ನು ನಂಬಿಕೆ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ. ಇಲ್ಲವೆ 14416ಕ್ಕೆ ಫೋನ್ ಮಾಡಿ, ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಪ್ರಾರ್ಥನೆ ಮಾಡಿಕೊಂಡೇ ವೈದ್ಯರ ಹತ್ತಿರ ಹೋಗಬಹುದು. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರೀತಿಯ ವೈದ್ಯ ಎಂದೇ ಕರೆದ.

ಎರಡನೇ ಹೆಜ್ಜೆ: ಅಪಾಯ ಯಾವುದು ಎಂದು ಸತ್ಯವೇದದಲ್ಲೇ ಓದಿ

ಇಲ್ಲಿ ಆತುರ ಮಾಡಬೇಡಿ. ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಒಂದೇ ಪಟ್ಟಿಗೆ ಓದಿ. 13 ಅಧ್ಯಾಯ, 303 ವಚನ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಕೂತು ಓದಲು ಶುರು ಮಾಡಿದರೆ ವೈಟ್‌ಫೀಲ್ಡ್ ಬರುವ ಹೊತ್ತಿಗೆ ಹೆಚ್ಚು ಕಡಿಮೆ ಮುಗಿಯುತ್ತದೆ. ಯಾರು ಬರೆದರು ಎಂದು ಪತ್ರಿಕೆ ಹೇಳುವುದಿಲ್ಲ. ಯಾರಿಗೆ ಬರೆದದ್ದು ಎಂಬುದು ಮಾತ್ರ ಚೆನ್ನಾಗಿ ಕಾಣುತ್ತದೆ. ಒಂದು ಕಾಲದಲ್ಲಿ ಯೇಸುವಿಗಾಗಿ ಆಸ್ತಿ ಕಳೆದುಕೊಂಡಾಗಲೂ ಸಂತೋಷದಿಂದ ಸಹಿಸಿದ್ದ ಜನ ಅವರು. ಈಗ ಅವರಲ್ಲೇ ಕೆಲವರು ಸಭೆ ಕೂಡುವುದನ್ನು ಬಿಟ್ಟಿದ್ದಾರೆ. ಬರೆದವನಿಗೆ ಅವರ ಮೇಲೆ ಪ್ರಾಣ. ಅದಕ್ಕೇ ಐದು ಕಡೆ ನಿಲ್ಲಿಸಿ ನಿಲ್ಲಿಸಿ ಎಚ್ಚರಿಸುತ್ತಾನೆ.

ಮೊದಲ ಎಚ್ಚರಿಕೆ 2ನೇ ಅಧ್ಯಾಯದ ಮೊದಲ ವಚನದಲ್ಲೇ ಇದೆ. ಗ್ರೀಕ್ ಮೂಲದಲ್ಲಿ ಅಲ್ಲಿ ಬಳಸಿರುವ ಕ್ರಿಯಾಪದಕ್ಕೆ ಪಕ್ಕದಲ್ಲೇ ಹರಿದುಹೋಗುವುದು, ತೇಲಿಹೋಗುವುದು ಎಂಬ ಅರ್ಥ. ತಲಕಾಡಿನಲ್ಲಿ ಕಾವೇರಿಯ ಮೇಲೆ ಹರಿಗೋಲಿನಲ್ಲಿ ಕೂತಿದ್ದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಅಂಬಿಗ ಹುಟ್ಟು ಹಾಕುವುದನ್ನು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಹರಿಗೋಲು ಸದ್ದಿಲ್ಲದೆ ಕೆಳಕ್ಕೆ ಸಾಗುತ್ತದೆ. ನೀರು ಶಾಂತವಾಗಿ ಇರುತ್ತದೆ, ಒಳಗೆ ಕೂತವರು ಮಾತಾಡುತ್ತಲೇ ಇರುತ್ತಾರೆ. ದಡದ ಮರ ಎಲ್ಲಿತ್ತು, ಈಗ ಎಲ್ಲಿದೆ ಎಂದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಇದೇ ಪತ್ರಿಕೆಯ 6ನೇ ಅಧ್ಯಾಯದಲ್ಲಿ ನಿರೀಕ್ಷೆಯನ್ನು ಲಂಗರು ಎಂದು ಕರೆದಿರುವುದನ್ನು ಇದರ ಜೊತೆಗಿಟ್ಟು ಓದಿ.

ಎರಡನೆಯದು ಅಪ್ಪ ಏಳು ಸಲ ಓದಿದ 3ನೇ ಅಧ್ಯಾಯ. ಪಾಪ ಮೋಸ ಮಾಡುತ್ತದೆ, ಮನಸ್ಸು ಕಠಿಣವಾಗುತ್ತದೆ, ಆದ್ದರಿಂದ ಇಂದು ಎನ್ನುವ ದಿನ ಇರುವವರೆಗೆ ದಿನ ದಿನವೂ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎನ್ನುತ್ತದೆ ಅದು. ಗಾರೆ ಕೆಲಸದವರ ಅಂಗೈ ನೋಡಿ. ಮೊದಲ ವಾರ ಬೊಬ್ಬೆ ಬರುತ್ತದೆ, ಉರಿಯುತ್ತದೆ. ಆಮೇಲೆ ದಡ್ಡುಗಟ್ಟುತ್ತದೆ, ಉರಿ ನಿಲ್ಲುತ್ತದೆ. ಮೊದಲ ಭಾನುವಾರ ಆರಾಧನೆ ತಪ್ಪಿದಾಗ ನನಗೆ ಸಂಜೆಯವರೆಗೂ ಚುಚ್ಚುತ್ತಿತ್ತು. ನಾಲ್ಕನೇ ವರ್ಷ ಶುಭ ಶುಕ್ರವಾರದ ದಿನ ಮಾಲ್‌ನಲ್ಲಿ ಸಿನಿಮಾ ನೋಡಿ ಬಂದೆ, ಏನೂ ಅನ್ನಿಸಲಿಲ್ಲ. ನನ್ನ ಜೀವನದಲ್ಲಿ ಅತಿ ಅಪಾಯದ ದಿನ ಯಾವುದು ಎಂದು ಕೇಳಿದರೆ, ಆಸ್ಪತ್ರೆಯಲ್ಲಿ ಮಲಗಿದ್ದ ದಿನವನ್ನು ಹೇಳುವುದಿಲ್ಲ. ಏನೂ ಅನ್ನಿಸದ ಆ ಶುಕ್ರವಾರವನ್ನು ಹೇಳುತ್ತೇನೆ. ಜನ ದೇವರ ಕೋಪಕ್ಕೆ ಹೆದರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಭಯ, ಆತ ಪ್ರೀತಿಯಿಂದ ಕರೆಯುತ್ತಿದ್ದರೂ ಕೇಳಿಸದ ಕಿವಿಯದ್ದು.

6ನೇ ಅಧ್ಯಾಯದ 4ರಿಂದ 6ನೇ ವಚನಗಳು ಓದುಗರನ್ನು ನಡುಗಿಸುತ್ತವೆ. ಬೆಳಕನ್ನು ಕಂಡು, ಪರಲೋಕದ ವರವನ್ನು ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲು ಪಡೆದು, ಆಮೇಲೆ ಬಿದ್ದುಹೋದವರನ್ನು ಪುನಃ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎಂದಿದೆ. 10ನೇ ಅಧ್ಯಾಯದಲ್ಲಿ, ಬೇಕುಬೇಕೆಂದೇ ಪಾಪ ಮಾಡುತ್ತಾ ಹೋದರೆ ಅದಕ್ಕೆ ಇನ್ನಾವ ಯಜ್ಞವೂ ಉಳಿದಿಲ್ಲ ಎಂದಿದೆ. 12ನೆಯದರಲ್ಲಿ ಒಂದು ಊಟಕ್ಕೆ ಚೊಚ್ಚಲತನದ ಹಕ್ಕು ಮಾರಿಕೊಂಡ ಏಸಾವ ಬರುತ್ತಾನೆ.

ಇವುಗಳನ್ನು ಎಲ್ಲ ಸಭೆಗಳೂ ಒಂದೇ ರೀತಿ ಓದುವುದಿಲ್ಲ, ಅದನ್ನು ಮುಚ್ಚಿಡಬಾರದು. ನಿಜವಾಗಿ ರಕ್ಷಣೆ ಹೊಂದಿದವರನ್ನು ದೇವರು ಕೊನೆವರೆಗೂ ಕಾಪಾಡುತ್ತಾನೆ, ಪೂರ್ತಿ ಬಿಟ್ಟುಹೋದವರು ಮೊದಲೇ ಆತನವರಾಗಿರಲಿಲ್ಲ ಎಂಬುದು ಕ್ಯಾಲ್ವಿನ್ ಪರಂಪರೆಯ ಮಾತು. ನಿಜವಾದ ವಿಶ್ವಾಸಿಯೂ ಬೀಳಬಹುದು, ಎಚ್ಚರಿಕೆ ಇರುವುದು ಅದಕ್ಕೇ ಎನ್ನುವುದು ವೆಸ್ಲಿ ಪರಂಪರೆ. ಮಾರಕ ಪಾಪದಿಂದ ಕೃಪೆ ಕಳೆದುಹೋಗುತ್ತದೆ, ಪಾಪನಿವೇದನೆಯ ಸಂಸ್ಕಾರದಲ್ಲಿ ಮರಳಿ ಸಿಗುತ್ತದೆ ಎಂದು ಕಥೋಲಿಕ ಸಭೆ ಕಲಿಸುತ್ತದೆ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನರಿಯೊಬ್ಬರ ಹೆಸರಿನದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ನೆನಪಿನದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇಂಥ ಬೇರೆ ಬೇರೆ ಪರಂಪರೆಗಳು ಒಂದೇ ಸೂರಿನಡಿ ಬಂದವು. ಹಾಗಾಗಿ ನಮ್ಮ ಒಂದೇ ಬೆಂಚಿನ ಮೇಲೆ ಕ್ಯಾಲ್ವಿನ್, ವೆಸ್ಲಿ ಎರಡೂ ಪರಂಪರೆಯವರು ಕೂತಿರುತ್ತಾರೆ. ಆದರೆ ಎರಡೂ ಕಡೆಯವರು ಒಪ್ಪುವ ಸಂಗತಿ ಒಂದಿದೆ. ಜಾರುತ್ತಿರುವವನಿಗೆ "ಪರವಾಗಿಲ್ಲ, ನೀನು ಹೇಗಿದ್ದರೂ ನಡೆಯುತ್ತದೆ" ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಈ ವಚನಗಳನ್ನು ಓದಿ ರಾತ್ರಿ ನಿದ್ದೆ ಬಾರದೆ, "ನಾನು ಕ್ಷಮೆಯೇ ಇಲ್ಲದ ಪಾಪ ಮಾಡಿಬಿಟ್ಟೆನೋ" ಎಂದು ಕೇಳುವವರಿದ್ದಾರೆ. ಹೋದ ವರ್ಷ ಒಬ್ಬ ತಂಗಿ ಹೀಗೇ ಅಳುತ್ತಾ ಫೋನ್ ಮಾಡಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನಿನಗೆ ನೋವಾಗುತ್ತಿದೆ ತಾನೇ, ಅಂಗೈ ಇನ್ನೂ ದಡ್ಡುಗಟ್ಟಿಲ್ಲ. ಅದೇ 6ನೇ ಅಧ್ಯಾಯದ 9ನೇ ವಚನಕ್ಕೆ ಬಾ, ಅಷ್ಟು ಕಠಿಣವಾಗಿ ಮಾತನಾಡಿದವನು ಅಲ್ಲೇ ಪ್ರಿಯರೇ ಎಂದು ಕರೆದು ನಿಮ್ಮ ವಿಷಯದಲ್ಲಿ ನನಗೆ ಒಳ್ಳೆಯ ಭರವಸೆ ಇದೆ ಎನ್ನುತ್ತಾನೆ. ಒಂದೇ ರಾತ್ರಿ ಇಸ್ಕರಿಯೋತ ಯೂದನೂ ಬಿದ್ದ, ಪೇತ್ರನೂ ಬಿದ್ದ. ಪೇತ್ರ ಇದ್ದಿಲ ಬೆಂಕಿಯ ಪಕ್ಕ ನಿಂತು ಮೂರು ಸಲ ಅವನು ಯಾರೋ ಗೊತ್ತಿಲ್ಲ ಎಂದ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಸಮುದ್ರದ ದಡದಲ್ಲಿ ಮತ್ತೊಂದು ಇದ್ದಿಲ ಬೆಂಕಿ ಇದೆ. ಅದನ್ನು ಹಚ್ಚಿ ಮೀನು ಸುಟ್ಟು ಕಾಯುತ್ತಿದ್ದವನು ಯೇಸು. ಮೊದಲು ಬಂದು ಊಟ ಮಾಡಿ ಎಂದ. ಊಟವಾದ ಮೇಲೆ ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದ.

ಮೂರನೇ ಹೆಜ್ಜೆ: ದಿನಕ್ಕೆ ಹತ್ತು ನಿಮಿಷ

"ಇನ್ನು ಮೇಲೆ ನಾಲ್ಕು ಗಂಟೆಗೆ ಎದ್ದು ಒಂದು ತಾಸು ಪ್ರಾರ್ಥನೆ" ಎಂದು ತೀರ್ಮಾನ ಮಾಡಬೇಡಿ. ಮೂರನೇ ದಿನ ಮುರಿದುಬೀಳುತ್ತದೆ, ಆಮೇಲಿನ ನಾಚಿಕೆ ಮತ್ತಷ್ಟು ದೂರ ತಳ್ಳುತ್ತದೆ. ಹತ್ತು ನಿಮಿಷ, ಒಂದೇ ಜಾಗ, ಒಂದೇ ಹೊತ್ತು. ಮೊದಲ ವಾರಕ್ಕೆ ಇಷ್ಟು ಸಾಕು: ಲೂಕ 15, ಕೀರ್ತನೆ 51, ಕೀರ್ತನೆ 130, ಹೋಶೇಯ 14, ಯೋಹಾನ 21. ಉಳಿದ ಎರಡು ದಿನ ಮನಸ್ಸಿಗೆ ನಾಟಿದ್ದನ್ನೇ ಮತ್ತೆ ಓದಿ. ಸಾಧ್ಯವಾದರೆ ಕಾಗದದ ಸತ್ಯವೇದದಲ್ಲಿ ಓದಿ, ಫೋನಿನಲ್ಲಿ ಓದಿದರೆ ಮೇಲಿಂದ ಮೆಸೇಜು ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬೈಬಲ್ ಸೊಸೈಟಿ ಇದೆ.

ಜೋರಾಗಿ ಓದಿ, ಮನೆಮಾತಿನಲ್ಲಿ ಓದಿ. ಬೆಂಗಳೂರಿಗೆ ಬಂದು ಇಂಗ್ಲಿಷ್ ಆರಾಧನೆಗೆ ಸೇರಿದ ನಮ್ಮ ಕಡೆಯ ಹುಡುಗರು ಹಾಡು ಹಾಡುತ್ತಾರೆ, ಪ್ರಸಂಗ ಕೇಳುತ್ತಾರೆ. ಆದರೆ ಅಳಬೇಕಾದಾಗ ಅವರಿಗೆ ಮಾತು ಸಿಗುವುದಿಲ್ಲ. ಅವ್ವ ಕಲಿಸಿದ ಪರಲೋಕದಲ್ಲಿರುವ ನಮ್ಮ ತಂದೆಯೇ ಎಂಬ ಪ್ರಾರ್ಥನೆ ಗಂಟಲಲ್ಲಿ ಇಳಿಯುವ ರೀತಿಯೇ ಬೇರೆ. ಪ್ರಾರ್ಥನೆಗೆ ಮಾತು ಬಾರದಿದ್ದರೆ ಅದೊಂದನ್ನೇ ಹೇಳಿ ಎದ್ದುಬಿಡಿ.

ಓದಿದ ದಿನ ತಾರೀಖು ಹಾಕಿ. ಪೆನ್ಸಿಲಿನಿಂದ.

ನಾಲ್ಕನೇ ಹೆಜ್ಜೆ: ಒಬ್ಬರಿಗೆ ಹೇಳಿ

ದಿನ ದಿನವೂ ಒಬ್ಬರನ್ನೊಬ್ಬರು ಎಂದು ಪತ್ರಿಕೆ ಹೇಳುವುದರಿಂದ, ಒಬ್ಬನೇ ಕೂತು ಸರಿಮಾಡಿಕೊಳ್ಳುತ್ತೇನೆ ಎನ್ನುವುದು ಆಗದ ಮಾತು. ಸಭೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಬೇಡಿ. ಒಬ್ಬರನ್ನು ಆರಿಸಿಕೊಳ್ಳಿ. ಎಂಥವರನ್ನು? ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಎಂದೂ ಆಡದವರನ್ನು. ನಿಮ್ಮ ಸಂಬಳ, ಮದುವೆ, ಮನೆ ಇವುಗಳ ಹಂಗಿಲ್ಲದವರನ್ನು. ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಗೇ ಹೇಳುವುದು ಒಳ್ಳೆಯದು. ಸಂಡೇ ಸ್ಕೂಲಿನಲ್ಲಿ ಕಲಿಸಿದ ಹಳೇ ಟೀಚರ್ ಇನ್ನೂ ಊರಿನಲ್ಲಿದ್ದರೆ ಅವರಿಗಿಂತ ಬೇರೆ ಬೇಕಿಲ್ಲ.

ಪೀಠಿಕೆ ಬೇಡ. "ಅಕ್ಕಾ, ಮೂರು ವರ್ಷದಿಂದ ನಾನು ಪ್ರಾರ್ಥನೆ ಮಾಡಿಲ್ಲ. ವಾರಕ್ಕೊಮ್ಮೆ ನನಗೆ ಫೋನ್ ಮಾಡ್ತೀರಾ?" ಇಷ್ಟು ಸಾಕು.

ನಾನು ಹೇಳಿದ್ದು ನಮ್ಮ ಸಭೆಯ ಅಯ್ಯನವರಿಗೆ, ಅವರ ಮನೆಯ ಜಗುಲಿಯಲ್ಲಿ. ಅರ್ಧ ಗಂಟೆ ಮಾತು ಸುತ್ತಿ ಬಳಸಿ ಕೊನೆಗೆ ಹೇಳಿದೆ. ಅವರು ಉಪದೇಶ ಶುರುಮಾಡುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಒಳಗೆ ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟರು. "ಕುಡಿ ಮಗಾ, ಆಮೇಲೆ ಪ್ರಾರ್ಥನೆ ಮಾಡೋಣ" ಎಂದರು. ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದರು. ಹೇಳದೆ ಕುಡಿದೆ.

ಐದನೇ ಹೆಜ್ಜೆ: ಈ ಭಾನುವಾರ ಹೋಗಿ

ಯಾವ ಸಭೆ ಎಂದು ತಿಂಗಳುಗಟ್ಟಲೆ ಹುಡುಕಬೇಡಿ. ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವ, ನಿಮ್ಮ ಹೆಸರು ಯಾರಿಗಾದರೂ ಗೊತ್ತಾಗುವಷ್ಟು ಚಿಕ್ಕದಾದ ಜಾಗ ಒಳ್ಳೆಯದು. ಸಾವಿರಾರು ಜನರ ನಡುವೆ ಬಂದು ಹೋದರೆ ನೀವು ಬಂದದ್ದೂ ತಿಳಿಯುವುದಿಲ್ಲ, ಬಿಟ್ಟದ್ದೂ ತಿಳಿಯುವುದಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದ ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗುವುದು, ಗುರುವಾರ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಮೇಣದಬತ್ತಿ ಹಚ್ಚುವುದು ಒಳ್ಳೆಯದೇ. ಎಷ್ಟೋ ಜನರಿಗೆ ಮರಳುವ ದಾರಿ ಅಲ್ಲಿಂದಲೇ ಶುರುವಾಗಿದೆ. ಆದರೆ ವರ್ಷಕ್ಕೊಂದು ಹಬ್ಬದಿಂದ ಹರಿಗೋಲು ನಿಲ್ಲುವುದಿಲ್ಲ.

ಪಾಳಿಯಲ್ಲಿ ಕೆಲಸ ಮಾಡುವ ಕಥೋಲಿಕರಿಗೆ ಒಂದು ಅನುಕೂಲ ಇದೆ. ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ ಎಂದು ಸಭೆಯ ಕಾನೂನೇ ಹೇಳುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳಗಿನ ಜಾವದ ಆರಾಧನೆ, ಸಂಜೆಯ ಆರಾಧನೆ, ವಾರದ ನಡುವಿನ ಮನೆ ಪ್ರಾರ್ಥನೆ ಯಾವುದಾದರೂ ಸಿಗುತ್ತದೆ. ಕೊರೊನಾ ಕಾಲದಲ್ಲಿ ಆರಾಧನೆ ಫೋನಿಗೆ ಬಂತು, ಹಾಸಿಗೆ ಹಿಡಿದವರಿಗೆ ಅದು ಇವತ್ತಿಗೂ ಆಧಾರ. ಕೈಕಾಲು ಗಟ್ಟಿ ಇರುವವರಿಗೆ ಅದು ಸಾಲದು. ಪರದೆಗೆ ನಿಮ್ಮ ಮುಖ ಕಾಣುವುದಿಲ್ಲ, "ಯಾಕಪ್ಪಾ ಸೊರಗಿದ್ದೀಯಾ" ಎಂದು ಅದು ಕೇಳುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತರೂ ಸರಿ. "ಏನಪ್ಪಾ, ಅಪರೂಪ!" ಎಂದು ಯಾರಾದರೂ ಅನ್ನುತ್ತಾರೆ, ಅನ್ನದೇ ಬಿಡುವುದಿಲ್ಲ. "ಹೌದಣ್ಣ, ತುಂಬಾ ದಿನ ಆಯ್ತು" ಎಂದು ಹೇಳಿ, ಅಲ್ಲಿಗೇ ಬಿಡಿ. ಕಥೋಲಿಕರಾದರೆ ಪರಮಪ್ರಸಾದಕ್ಕೆ ಮೊದಲು ಪಾಪನಿವೇದನೆಗೆ ಹೋಗಿ. ಎಷ್ಟು ವರ್ಷವಾಯಿತು ಎಂದು ಫಾದರ್‌ಗೆ ನೇರವಾಗಿ ಹೇಳಿ, ಮರೆತಿರುವ ಪ್ರಾರ್ಥನೆಯನ್ನು ಅವರೇ ಹೇಳಿಕೊಡುತ್ತಾರೆ. ನಮ್ಮ ಸಭೆಗಳಲ್ಲಾದರೆ ಪ್ರಭುಭೋಜನಕ್ಕೆ ಮೊದಲು ಅಯ್ಯನವರ ಹತ್ತಿರ ಹತ್ತು ನಿಮಿಷ ಮಾತನಾಡಿ.

ನನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾರಾ ಎಂಬ ಅಳುಕು ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ದೆಕಿಯಸ್, ಸಾಮ್ರಾಜ್ಯದ ಜನರೆಲ್ಲ ರೋಮಿನ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಬಹಳ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಮಾಡಿಸಿಕೊಂಡರು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ಈಗಲೂ ಸಿಕ್ಕಿವೆ. ಹಿಂಸೆ ತಣ್ಣಗಾದ ಮೇಲೆ ಬಿದ್ದವರು ಅಳುತ್ತಾ ಬಾಗಿಲಿಗೆ ಬಂದರು. ಅವರನ್ನು ಸೇರಿಸಿಕೊಳ್ಳಲೇಬಾರದು ಎಂದು ರೋಮಿನಲ್ಲಿ ನೊವಾಷಿಯನ್ ಹಟ ಹಿಡಿದು ಸಭೆಯಿಂದ ಒಡೆದುಹೋದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಾತ್ರ 251ರಲ್ಲಿ ಬಿಷಪ್ಪರನ್ನು ಕೂಡಿಸಿ, ಒಬ್ಬೊಬ್ಬರನ್ನೂ ವಿಚಾರಿಸಿ, ಪಶ್ಚಾತ್ತಾಪದ ಮೂಲಕ ಮರಳುವ ದಾರಿ ತೆರೆದ. 325ರ ನಿಕೇಯ ಮಹಾಸಭೆಯ 11ನೇ ನಿಯಮ, ಯಾವ ಬಲವಂತವೂ ಇಲ್ಲದೆ ನಂಬಿಕೆ ಬಿಟ್ಟವರಿಗೆ ಕೂಡ ಬಾಗಿಲು ಮುಚ್ಚಲಿಲ್ಲ. ಮೂರು ವರ್ಷ ಕೇಳುಗರಾಗಿ, ಏಳು ವರ್ಷ ಮೊಣಕಾಲೂರಿ, ಎರಡು ವರ್ಷ ಪ್ರಭುಭೋಜನವಿಲ್ಲದೆ ಪ್ರಾರ್ಥನೆಯಲ್ಲಿ ಕೂಡಿ, ಆಮೇಲೆ ಬನ್ನಿ ಎಂದಿತು. 13ನೇ ನಿಯಮ, ಸಾಯುವ ಸ್ಥಿತಿಯಲ್ಲಿರುವವರಿಗೆ ಪರಮಪ್ರಸಾದ ನಿರಾಕರಿಸಬೇಡಿ ಎಂದಿತು. ಹನ್ನೆರಡು ವರ್ಷ! ನಂಬಿಕೆ ಬಿಡುವುದನ್ನು ಹಗುರವಾಗಿ ನೋಡದ ಜನ ಅವರು. ಮರಳುವವನ ಬಾಗಿಲು ಮುಚ್ಚದ ಜನವೂ ಅವರೇ. ಇವತ್ತು ನಮ್ಮನ್ನು ಹತ್ತು ನಿಮಿಷದ ಮಾತಿಗೆ ಕರೆಯುತ್ತಾರೆ, ಅದಕ್ಕೂ ನಾವು ಹೋಗುವುದಿಲ್ಲ.

ಸಭೆಯೇ ಗಾಯ ಮಾಡಿದ್ದರೆ

ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಹೋಗುತ್ತಿದ್ದ ಒಂದು ಸಭೆಯಲ್ಲಿ ಕಟ್ಟಡ ನಿಧಿಯ ಲೆಕ್ಕ ಕೇಳಿದೆ. ಆರಾಧನೆ ಮುಗಿದ ಮೇಲೆ ಎಲ್ಲರೆದುರಿಗೆ "ಮೊನ್ನೆ ಬಂದವನು, ನಿನಗೇಕೆ ಲೆಕ್ಕ" ಎಂದರು. ಆ ಮಾತು ನನ್ನನ್ನು ಅಲ್ಲಿಂದ ಹೊರಗೆ ಹಾಕಿತು. ಪಾಳಿಯ ನೆಪ ಆಮೇಲೆ ಜೊತೆಗೂಡಿತು. ವರ್ಷಗಳ ನಂತರ ಅರ್ಥವಾದದ್ದು ಇದು: ಆ ಮನುಷ್ಯನಿಗೆ ಕೊಡಬೇಕಾದ ಉತ್ತರವನ್ನು ನಾನು ಯೇಸುವಿಗೆ ಕೊಟ್ಟಿದ್ದೆ.

ಲೆಕ್ಕದ ವಿಷಯವಾದರೆ ಬರವಣಿಗೆಯಲ್ಲಿ ಕೇಳಿ, ಸಭಾ ಸಮಿತಿಗೆ ಕೊಡಿ, ಪ್ರತಿ ಇಟ್ಟುಕೊಳ್ಳಿ, ಉತ್ತರ ಬಾರದಿದ್ದರೆ ಬಿಷಪ್ಪರ ಕಚೇರಿಗೆ ಕಳಿಸಿ. ಅವಮಾನವಾದರೆ ಮತ್ತಾಯ 18ರಂತೆ ಮೊದಲು ಇಬ್ಬರೇ ಕೂತು ಮಾತಾಡಿ. ದೈಹಿಕ, ಲೈಂಗಿಕ ದೌರ್ಜನ್ಯವಾಗಿದ್ದರೆ ಈ ಯಾವುದೂ ಅನ್ವಯಿಸುವುದಿಲ್ಲ. ನೇರ ಪೊಲೀಸರ ಹತ್ತಿರ ಹೋಗಿ, ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ. "ಕ್ಷಮಿಸಿಬಿಡು, ಸಭೆಯ ಮರ್ಯಾದೆ" ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿ ಕೊಡಬೇಡಿ. ಅಂಥ ಸಭೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಹಿಂಜಾರುವುದಲ್ಲ.

ಮನೆಯವರು ಮಾಡಬೇಕಾದದ್ದು

ಮಗ, ಸೊಸೆ, ತಮ್ಮ ದೂರವಾಗುತ್ತಿರುವುದನ್ನು ನೋಡುತ್ತಿರುವವರಿಗೆ ಕೆಲವು ಮಾತು.

"ನೀನು ಸತ್ತರೆ ಮಣ್ಣು ಎಲ್ಲಿ ಮಾಡ್ತೀವಿ ಅಂದ್ಕೊಂಡಿದ್ದೀಯ?" ಎಂದು ಎಂದೂ ಕೇಳಬೇಡಿ. ಹೊಸೂರು ರಸ್ತೆಯ ಕ್ರೈಸ್ತ ಸಮಾಧಿಭೂಮಿಯಲ್ಲಿ ಜಾಗ ಸಿಗುವುದಿಲ್ಲ ಎಂಬ ಹೆದರಿಕೆಯಿಂದ ಯಾರೂ ಕ್ರಿಸ್ತನ ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ. ಊಟದ ಮುಂದೆ ವಾದ ಬೇಡ. ನೆಂಟರೆದುರು ಬೇಡ. ಅವರ ಕಾಯಿಲೆ, ಸಾಲ, ಮುರಿದ ಮದುವೆಯನ್ನು ದೇವರ ಶಿಕ್ಷೆ ಎಂದು ತೋರಿಸಬೇಡಿ, ಯೋಬನ ಗೆಳೆಯರು ಮಾಡಿದ್ದು ಅದೇ, ದೇವರು ಅವರ ಮೇಲೇ ಕೋಪಗೊಂಡ.

ಅಪಾಯವನ್ನು ಹೇಳಲೇಬೇಡಿ ಎನ್ನುತ್ತಿಲ್ಲ. ಒಂದು ಸಲ, ಏಕಾಂತದಲ್ಲಿ, ಅಳು ಬಂದರೆ ಅತ್ತು, ಸ್ಪಷ್ಟವಾಗಿ ಹೇಳಿ. "ನೀನು ಕ್ರಿಸ್ತನಿಂದ ದೂರ ಹೋಗ್ತಿದ್ದೀಯ ಅಂತ ನನಗೆ ಭಯ ಆಗ್ತಿದೆ, ನಿನಗಾಗಿ ದಿನಾ ಪ್ರಾರ್ಥನೆ ಮಾಡ್ತೀನಿ." ಆಮೇಲೆ ನಿಜವಾಗಿಯೂ ದಿನಾ ಮಾಡಿ. ದಿನಕ್ಕೆ ಹತ್ತು ಸಲ ಚುಚ್ಚುವುದಕ್ಕಿಂತ ಆ ಒಂದು ಸಲದ ಮಾತು ಒಳಗೆ ಇಳಿಯುತ್ತದೆ. ಕ್ರಿಸ್‌ಮಸ್‌ಗೆ ಕರೆಯಿರಿ. ಬಂದರೆ ಕಜ್ಜಾಯ ಕೊಡಿ, ಪ್ರಶ್ನೆ ಕೊಡಬೇಡಿ.

ನನ್ನ ಅವ್ವ ನಾಲ್ಕು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಬೆಟಗೇರಿಯಿಂದ ಫೋನ್ ಮಾಡುತ್ತಿದ್ದಳು. ಮೊದಲು "ಚರ್ಚಿಗೆ ಹೋಗಿದ್ಯೇನಪಾ?" ಎಂದು ಕೇಳುತ್ತಿದ್ದಳು. ನಾನು ಸುಳ್ಳು ಹೇಳುತ್ತೇನೆ ಎಂದು ಅವಳಿಗೆ ಗೊತ್ತಾದ ಮೇಲೆ ಆ ಪ್ರಶ್ನೆಯನ್ನು ನಿಲ್ಲಿಸಿದಳು. "ಊಟ ಆತೇನು? ಇವತ್ತ ಅಯ್ಯನವರು ಈ ವಾಕ್ಯಾ ಹೇಳಿದ್ರು, ಕೇಳು" ಎಂದು ಒಂದು ವಚನ ಓದಿ ಇಟ್ಟುಬಿಡುತ್ತಿದ್ದಳು. ಬರೀ ಒಂದು ವಚನ. ಅಂಟಿದ ಹಾಳೆಗಳನ್ನು ಬಿಡಿಸುತ್ತಾ ಕೂತಿದ್ದ ದಿನ, ಆ ವಚನಗಳಲ್ಲಿ ಎಷ್ಟೋ ನನಗೆ ಬಾಯಿಪಾಠ ಬಂದಿದ್ದವು ಎಂದು ಗೊತ್ತಾಯಿತು.

ಈಗ ನನ್ನದೊಂದು ಸರದಿ ಇದೆ. ಹೆಬ್ಬಾಳದ ಆಚೆ ಇರುವ ನನ್ನ ಚಿಕ್ಕಪ್ಪನ ಮಗ ಎರಡು ವರ್ಷದಿಂದ ಬಂದಿಲ್ಲ. ಭಾನುವಾರ ಒಂದೂವರೆಗೆ ಅವನಿಗೆ ಫೋನ್ ಮಾಡುತ್ತೇನೆ. ಹೋದ ವಾರ ಎತ್ತಲಿಲ್ಲ. ಅದರ ಹಿಂದಿನ ವಾರ ಎತ್ತಿ, ವಚನ ಕೇಳಿ, "ಸರಿ ಅಣ್ಣ" ಎಂದು ಇಟ್ಟ. ಈ ವಾರಕ್ಕೆ ಕೀರ್ತನೆ 130ರ ಕಾವಲುಗಾರರ ವಚನವನ್ನು ಗುರುತು ಹಾಕಿ ಇಟ್ಟಿದ್ದೇನೆ.